ಪರದೆಯ ಪಕ್ಕ ನಿಂತ ಮಾಷ್ಟ್ರು

ಗಲ್ಲಕ್ಕೂ ಹೆಗಲಿಗೂ ನಡುವೆ ಸಣ್ಣ ಟಾರ್ಚ್ ಸಿಕ್ಕಿಸಿಕೊಂಡು, ಕುತ್ತಿಗೆ ಓರೆ ಮಾಡಿ ಪರದೆಯ ಪಕ್ಕ ನಿಲ್ಲುತ್ತಿದ್ದರು ನಮ್ಮ ಮಾಷ್ಟ್ರು. ಕೈಯಲ್ಲಿ ಇನ್ನೂರು ಪುಟದ ನೋಟ್ ಪುಸ್ತಕ. ಅರ್ಧ ಮುಖದ ಮೇಲೆ ಸಿನಿಮಾದ ಬಣ್ಣ ಓಡಾಡುತ್ತಿತ್ತು. ಪರದೆಯಲ್ಲಿ ಯಾರೋ ಗೊತ್ತಿಲ್ಲದ ಭಾಷೆಯಲ್ಲಿ ಅತ್ತರೆ ಇವರು ತುಳುವಿನಲ್ಲಿ ಅಳುತ್ತಿದ್ದರು.

ಶಾಲೆಯಿಂದ ನಿವೃತ್ತರಾದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ, ಮಂಗಳೂರಿನ ಕೊಟ್ಟಾರದ ನಮ್ಮ ನಿವಾಸಿಗಳ ಸಂಘದ ಹಾಲಿನಲ್ಲಿ ಇದೇ ಅವರ ಕೆಲಸ. ಕೊರಿಯಾ, ಇರಾನ್, ಪೋಲೆಂಡ್, ಸೆನೆಗಲ್, ಯಾವುದನ್ನೂ ಬಿಟ್ಟವರಲ್ಲ. ಇಂಗ್ಲಿಷ್ ಅಡಿಬರಹ ಓದಲಾರದ ನನ್ನ ಅಮ್ಮನಂಥವರಿಗಾಗಿ ಒಂದೊಂದು ಸಿನಿಮಾವನ್ನೂ ನಾಲ್ಕು ಸಲ ನೋಡಿ, ಮಾತೆಲ್ಲ ತುಳುವಿಗೆ ಬರೆದು ತರುತ್ತಿದ್ದರು. "ಕತೆ ಎಲ್ಲ ಒಂದೇ ಥರ ಆದ್ರೆ ಲೋಕ ಎಂತಕ್ಕೆ ಇಷ್ಟು ದೊಡ್ಡದುಂಟು ಮಾರಾಯ?" ಎನ್ನುತ್ತಿದ್ದರು. ಕುದುರೆ ಕಳೆದುಕೊಂಡ ಮುದುಕ, ಅರವತ್ತಕ್ಕೆ ಮದುವೆಯಾಗಲು ಹೊರಟ ಹೆಂಗಸು, ಒಂದು ಮಾತೂ ಆಡದೆ ರೊಟ್ಟಿ ಬೇಯಿಸುವ ಅಣ್ಣತಮ್ಮ. ಅಮ್ಮ ವಾರವಿಡೀ ಅವರ ಸುದ್ದಿಯನ್ನೇ ಮಾತಾಡುತ್ತಿದ್ದಳು.

ಇಂಥ ಮನುಷ್ಯನನ್ನು ನಾವು ಹೊರಗೆ ಹಾಕಿದೆವು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಭಾನುವಾರದ್ದು ಬೆಟ್ಟದ ದೇಶವೊಂದರ ಸಿನಿಮಾ. ಅಣ್ಣನೊಬ್ಬ ನಯವಾಗಿ ಮಾತಾಡಿ, ತಂಗಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಹೊಲ ನುಂಗುತ್ತಾನೆ. ಮಾಷ್ಟ್ರು ಆ ಅಣ್ಣನಿಗೆ ಗುತ್ತಿನ ಮನೆಯ, ಅಂದರೆ ಹಳೆಯ ಜಮೀನ್ದಾರಿ ಮನೆತನದ, ಯಜಮಾನರ ಗತ್ತಿನ ತುಳು ಕೊಟ್ಟಿದ್ದರು. ಮುಂದಿನ ಸಾಲಿನಲ್ಲಿ ಸಂಘದ ಅಧ್ಯಕ್ಷರು ಕೂತಿದ್ದರು. ಅವರದೂ ಗುತ್ತಿನ ಮನೆತನ, ಸುರತ್ಕಲ್ಲಿನಲ್ಲಿ ದೊಡ್ಡ ಹೋಟೆಲು. ಅದು ಎದ್ದು ನಿಂತದ್ದು ತಂಗಿಯ ಪಾಲಿನ ಜಾಗದಲ್ಲಿ ಎಂದು ಎಲ್ಲರಿಗೂ ಗೊತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು.

ಅಧ್ಯಕ್ಷರು ಎದ್ದು ಸಿನಿಮಾ ನಿಲ್ಲಿಸಿ ಲೈಟ್ ಹಾಕಿಸಿದರು. "ಇದು ಸಿನಿಮಾದಲ್ಲಿ ಇಲ್ಲ. ನನ್ನ ಮರ್ಯಾದೆ ತೆಗೀಲಿಕ್ಕೆ ನೀವೇ ಸೇರಿಸಿದ್ದು."

"ಒಂದು ಮಾತೂ ಸೇರಿಸ್ಲಿಲ್ಲ ಅಧ್ಯಕ್ಷರೇ. ಇಂಗ್ಲಿಷ್ ಬರುವವನು ಇಲ್ಲೇ ಇದ್ದಾನಲ್ಲ, ಕೇಳಿ," ಎಂದು ಮಾಷ್ಟ್ರು ನನ್ನ ಕಡೆ ನೋಡಿದರು.

ನಾನು ಮೊದಲಿನಿಂದಲೂ ಅಡಿಬರಹ ಓದುತ್ತಲೇ ಇದ್ದೆ. ಮಾಷ್ಟ್ರು ಹೇಳಿದ್ದರಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ನನಗೆ ಆ ಇಂಗ್ಲಿಷ್ ಕಲಿಸಿದ್ದೂ ಅವರೇ. ಆದರೆ ನಾನು ಅಧ್ಯಕ್ಷರ ಹೋಟೆಲಿನ ಮ್ಯಾನೇಜರ್. "ನಾನು ಸರಿಯಾಗಿ ಗಮನಿಸ್ಲಿಲ್ಲ," ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾಷ್ಟ್ರಿಗೆ ಮತ್ತೆ ಹಾಲ್ ಕೊಡಲಿಲ್ಲ. ಅವರು ನನಗೆ ನಾಲ್ಕು ಬೈಯಬಹುದಿತ್ತು, ಬೈದಿದ್ದರೆ ನನಗೂ ಒಳ್ಳೆಯದಿತ್ತು. ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೇ ಬಂದರು. "ನಿನ್ನ ಅಮ್ಮನಿಗೆ ಕತೆ ಅರ್ಧ ಮಾತ್ರ ಗೊತ್ತು. ಹಾಗೆ ಬಿಡ್ಲಿಕ್ಕಾಗುದಿಲ್ಲ," ಎಂದರು. ಊಟದ ಮೇಜಿನ ಮೇಲಿಟ್ಟು ಉಳಿದ ಸಿನಿಮಾವನ್ನು ಅಮ್ಮನೊಬ್ಬಳಿಗೇ ಹೇಳಿ ಮುಗಿಸಿದರು. ನಾನು ಹೇಡಿಯ ಹಾಗೆ ಕೋಣೆಯೊಳಗೇ ಇದ್ದೆ.

ಹೋದ ತಿಂಗಳು ಮಾಷ್ಟ್ರು ತೀರಿಕೊಂಡರು. ಅದೇ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ. ಅದೇ ಅಧ್ಯಕ್ಷರು ಮೈಕ್ ಹಿಡಿದು, "ಲೋಕವನ್ನೇ ಕೊಟ್ಟಾರಕ್ಕೆ ತಂದವರು," ಎಂದಾಗ ನನಗೆ ಕೂರಲಾಗಲಿಲ್ಲ.

"ಅವರು ಅವತ್ತು ಒಂದು ಮಾತೂ ಸೇರಿಸಿರ್ಲಿಲ್ಲ," ಎಂದೆ ಎದ್ದು ನಿಂತು. "ನನಗೆ ಗೊತ್ತಿತ್ತು."

ನನ್ನ ಕೆಲಸ ಅಲ್ಲಿಗೇ ಹೋಯಿತು, ಹೋಗಲಿ. ಪಕ್ಕದಲ್ಲಿ ಕೂತಿದ್ದ ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು.

"ಅವರು ಇರುವಾಗ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?" ಎಂದಳು.