ಉರಿ ಗೊತ್ತಾಗುವ ಕೈ

ಆಗ ನನಗೆ ಇಪ್ಪತ್ತಾರು. ನಲವತ್ತೈದು ವರ್ಷದ ಮೇಲಾಯಿತು. ನಾನು ಸಾಯಲಿಲ್ಲ ಎಂಬುದು ಓದುವವರಿಗೆ ಗೊತ್ತೇ ಇದೆ, ಬರೆಯುತ್ತಿದ್ದೇನಲ್ಲ. ಆಗ ನನಗೆ ಗೊತ್ತಿರಲಿಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ನನ್ನ ಕೆಲಸ. ಗಂಡ ಅದೇ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಯುದ್ಧದ ಕಾಲ, ಬೆಲ್ಲ ಸಿಗುವುದೂ ಕಷ್ಟ. ಒಬ್ಬಳು ಮಗಳು, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಆ ಸುಗ್ಗಿಯಲ್ಲಿ ನನ್ನ ಬಲಗೈ ತೊಟ್ಟು ಹಿಡಿಯಲು ಒಲ್ಲೆ ಅಂದಿತು. ಹೆಬ್ಬೆರಳಿನ ಬುಡದ ಮಾಂಸ ಇಳಿದು ತಗ್ಗು ಬಿತ್ತು. ಸುಮ್ಮನೆ ಕೂತಾಗ ಮುಂಗೈ ತೊಗಲಿನ ಕೆಳಗೆ ಹುಳ ಹರಿದ ಹಾಗೆ ಏನೋ ಮಿಡಿಯುತ್ತಿತ್ತು.

ಅತ್ತೆ ಅದನ್ನು ಮಹಾರೋಗ, ಅಂದರೆ ಕುಷ್ಠವೆಂದೇ ಹಿಡಿದಳು. ಬೈಯಲಿಲ್ಲ, ನಾನು ಉಣ್ಣುವ ಗಂಗಾಳ ಬೇರೆ ಇಟ್ಟಳು, ಅಷ್ಟೆ. ನನ್ನ ಹೆದರಿಕೆ ಬೇರೆಯೇ ಇತ್ತು. ತವರೂರು ಕುಪ್ಪೇಲೂರಿನಲ್ಲಿ ನನ್ನ ಕಾಕಾ, ಅಪ್ಪನ ತಮ್ಮ, ಹೀಗೇ ಹೋಗಿದ್ದ. ಮೊದಲು ಒಂದು ಕೈ, ಆಮೇಲೆ ಇನ್ನೊಂದು, ಆಮೇಲೆ ನಾಲಿಗೆ. ಕುಡಿಸಿದ ಗಂಜಿ ಮೂಗಿನಿಂದ ಬರುತ್ತಿತ್ತು. ಮುಖದ ಮೇಲೆ ನೊಣ ಕೂತರೆ ಅವನಿಗೆ ಗೊತ್ತಾಗುತ್ತಿತ್ತು, ಓಡಿಸಲು ಕೈ ಏಳುತ್ತಿರಲಿಲ್ಲ. ಸಣ್ಣವಳಿದ್ದ ನಾನು ಪಕ್ಕದಲ್ಲಿ ಕೂತು ಓಡಿಸುತ್ತಿದ್ದೆ. ಇದನ್ನು ಗಂಡನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಗಂಡ ರೈಲಿನಲ್ಲಿ ಹಾವೇರಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಕೈಗೆ ಸೂಜಿ ಚುಚ್ಚಿದರು. ಚುಚ್ಚಿದಾಗಲೆಲ್ಲ ಹೇಳಿದೆ.

“ಅಕಿಗೆ ಕೈಯಾಗ ಖಾರಾನೂ ಉರಿತೈತ್ರಿ ಸಾಹೇಬ್ರ,” ಎಂದ ಗಂಡ.

“ಹಂಗಾದ್ರ ಮಹಾರೋಗ ಅಲ್ಲ. ಅದರಾಗ ಕೈಗೆ ಚುಚ್ಚಿದ್ರೂ ಸುಟ್ರೂ ತಿಳಿಯೂದಿಲ್ಲ.”

ಗಂಡ ಅಲ್ಲೇ ಕೈ ಮುಗಿದ. ಡಾಕ್ಟರು ಇನ್ನೂ ಮುಗಿಸಿರಲಿಲ್ಲ. ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದರು. ಕಾಲು ಒದ್ದ ಹಾಗೆ ಹಾರಿತು. ನಾಲಿಗೆ ಚಾಚಿಸಿ ಬಹಳ ಹೊತ್ತು ನೋಡಿದರು. ಗಂಡ ನೀರು ಕುಡಿಯಲು ಹೊರಗೆ ಹೋದಾಗ ನಾನು ಕಾಕಾನ ಸುದ್ದಿ ಹೇಳಿದೆ.

“ಅಂವ ಎಷ್ಟು ದಿನಾ ಇದ್ದ, ತಂಗಿ?”

“ಎರಡನೇ ಸುಗ್ಗಿ ನೋಡ್ಲಿಲ್ರಿ.”

ಅವರು ನನ್ನ ಎಡಗೈ ಹಿಡಿದು ನೋಡಿದರು. “ಈಗ ಏನೂ ಹೇಳಾಕ ಬರೂದಿಲ್ಲ. ಯುಗಾದಿ ಆದಮ್ಯಾಲೆ ಬಾ. ಅಷ್ಟೊತ್ತಿಗೆ ಎಡಗೈನೂ ಇಳಿದಿದ್ರ ನಿಮ್ಮ ಕಾಕಾನ ರೋಗಾನ ಅಂತ ತಿಳೀತೈತಿ.”

“ತಿಳದ್ರ ಔಷಧ ಐತೇನ್ರಿ?”

“ಇಲ್ಲವಾ.”

ಪುಣ್ಯಾತ್ಮ, ಸುಳ್ಳು ಹೇಳಲಿಲ್ಲ.

ಸಂಜೆ ಮನೆಯಲ್ಲಿ ಹಬ್ಬ. ಅತ್ತೆ ನನ್ನ ಗಂಗಾಳಕ್ಕೆ ಬೂದಿ ಹಚ್ಚಿ ತಿಕ್ಕಿ ಎಲ್ಲರ ಗಂಗಾಳದ ಜೊತೆ ಬೋರಲು ಹಾಕಿದಳು. ಇದ್ದಷ್ಟು ಬೆಲ್ಲ ಸುರಿದು ಹೋಳಿಗೆ ಮಾಡಿದಳು. ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ನಿಂತು ನಕ್ಕಳು. “ಅಲ್ಲಬೇ, ಸೊಸಿ ಕೈ ಉರಿತೈತಂತ ಹೋಳಿಗಿ ಮಾಡಿದಾಕಿ ನೀನೊಬ್ಬಾಕಿನ ನೋಡು!”

“ಉರೀಲಿ ಬಿಡು, ಉರದ್ರ ಚಲೋ,” ಎಂದಳು ಅತ್ತೆ. ನನ್ನ ಕಡೆ ತಿರುಗಿ, “ಖರೇನ ಉರಿತೈತೇನವಾ?” ಎಂದು ಕೇಳಿದಳು.

“ಉರಿತೈತಿ,” ಎಂದೆ.

ಅವರ ಸಂತೋಷದ ನಡುವೆ ಕೂತು ಹೋಳಿಗೆ ತಿಂದೆ. ಕಾಕಾನ ಕೈಗೂ ಉರಿ, ನೋವು ಎಲ್ಲ ಗೊತ್ತಾಗುತ್ತಿತ್ತು. ಹೇಳಿದ್ದರೆ ಅತ್ತೆ ಅಳುತ್ತಿದ್ದಳು, ಅದರಿಂದ ನನಗೇನೂ ಆಗುತ್ತಿರಲಿಲ್ಲ. ದೇವರಿಗೂ ಬೇಡಿಕೊಳ್ಳಲಿಲ್ಲ. ಕಾಕಾನಿಗಾಗಿ ಮನೆಮಂದಿಯೆಲ್ಲ ಗಳಗನಾಥದ ಗುಡಿಗೆ ನಡೆದು ಹೋಗಿ ಬೇಡಿಕೊಂಡಿದ್ದರು. ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ, ನೋಡಲು ಧೈರ್ಯವಿರಲಿಲ್ಲ. ಒಳಗೆ ಏನೋ ಮಿಡಿದ ಹಾಗಾಯಿತು. ಖರೆಯೋ, ಹೆದರಿಕೆಯೋ, ಯಾರನ್ನು ಕೇಳಲಿ?

ಮಗಳು ತೊಡೆ ಹತ್ತಿ ಎದೆಗೆ ಬಾಯಿ ಹಾಕಿತು. ಎರಡೂ ಕೈ ಬಿದ್ದರೆ ಇದನ್ನು ಎತ್ತಿಕೊಳ್ಳುವುದು ಹೇಗೆ ಎಂದು ಯೋಚಿಸಿದೆ. ನನ್ನನ್ನು ಬಿಟ್ಟು ಬೇರೆ ಯಾರ ಕೈ ತುತ್ತನ್ನೂ ಅದು ಮುಟ್ಟುತ್ತಿರಲಿಲ್ಲ. ಯುಗಾದಿಯವರೆಗೆ ನಾನು ಕಾಯಬಹುದು, ಕೂಸು ಕಾಯಬಾರದು, ಈಗಲೇ ಬೇರೆ ಕೈಗೆ ಹೊಂದಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಬೇವಿನ ಎಲೆ ತಂದು ಅರೆದು ಎದೆಗೆ ಹಚ್ಚಿಕೊಂಡೆ. ಮಗಳು ಬಾಯಿ ಇಟ್ಟು, ಮುಖ ಕಿವುಚಿ, ಚೀರಿತು.

“ಆರಾಮ ಅದೀ ಅಂದ ಮರುದಿನಾನ ಕೂಸಿನ್ನ ಯಾಕ ಕಾಡ್ತೀ?” ಎಂದು ಅತ್ತೆ ಬೈದಳು.

ಮಗಳನ್ನು ಅವಳ ತೊಡೆಯ ಮೇಲೆ ಕೂರಿಸಿ, ಬುಟ್ಟಿ ತೆಗೆದುಕೊಂಡು ಕೆಲಸಕ್ಕೆ ಹೋದೆ.