ಊಟದ ಚೀಲದ ಕುಂಕುಮ

ಕೊಟ್ರೇಶಿ, ಆ ಮೈಕ್ರೋಮೀಟರ್ ನೀನು ಕದ್ದಿರಲಿಲ್ಲ. ಅದು ನನಗೆ ಗೊತ್ತಾಗಿ ಆರು ವರ್ಷವಾಯಿತು — ಯಾರಿಗೂ ಹೇಳಲಿಲ್ಲ.

ಹರಿಹರದ ಲೇತ್ ವರ್ಕ್‌ಶಾಪಿನಲ್ಲಿ ನಮ್ಮದು ಅಕ್ಕಪಕ್ಕದ ಮಷಿನ್. ಮಧ್ಯಾಹ್ನ ರೊಟ್ಟಿ ಬಿಚ್ಚಿದರೆ ಟಿವಿಯ ಪತ್ತೇದಾರಿ ಧಾರಾವಾಹಿಯದೇ ಮಾತು. ಇನ್ಸ್‌ಪೆಕ್ಟರು ಕೊಲೆಗಾರನನ್ನು ಹಿಡಿದರೆ ನನಗೆ ಹೆಮ್ಮೆ, ನಿನಗೆ ನಗು. ನೀನು ಅನ್ನುತ್ತಿದ್ದೆ:

"ಗಾಳಿ ಬಂತು, ಪರದೆ ಸರೀತು, ಚಾಕು ಕಾಣ್ತು. ಅದು ಅವನ ನಸೀಬಪ್ಪ, ಬುದ್ಧಿ ಎಲ್ಲೈತೆ?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕಣ್ಣು-ಕೈ ನಂಬಿ ಮೇಲೆ ಬಂದವನು ನಾನು. ನಸೀಬು ಎಂದರೆ ನನ್ನ ದುಡಿಮೆಗೇ ಬೈದ ಹಾಗೆ.

ಆಯುಧಪೂಜೆ ಮುಗಿಸಿ ಕೆಲಸಕ್ಕೆ ಬಂದರೆ, ಕೂದಲೆಳೆಯ ದಪ್ಪವನ್ನೂ ಅಳೆಯುವ ಆ ಉಪಕರಣ ಇರಲಿಲ್ಲ. ಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿದವನು ನಾನೇ. ನಿನ್ನ ಊಟದ ಚೀಲದೊಳಗೆ ಕುಂಕುಮದ ಕಲೆ ಕಂಡಿತು. ಚೀಲ ಎತ್ತಿ ಎಲ್ಲರಿಗೂ ತೋರಿಸಿದೆ, ಥೇಟ್ ಟಿವಿಯವನ ಹಾಗೆ.

ನೀನು ಕೂಗಾಡಲಿಲ್ಲ. "ಕುಂಕುಮ ನಿನ್ನ ಹಣೆ ಮ್ಯಾಲೂ ಐತಲ್ಲೋ, ಮಂಜಣ್ಣ."

ಯಾರೋ ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. "ಇವನಿದ್ರೆ ನಾ ಇರಂಗಿಲ್ಲ, ಸಾವ್ಕಾರ್ರೆ" ಎಂದೆ. ವರ್ಕ್‌ಶಾಪಿನ ಸಾಹುಕಾರರು ನಿನ್ನನ್ನು ಕೆಲಸದಿಂದ ತೆಗೆದರು. ನನ್ನ ಬೆನ್ನು ತಟ್ಟಿ, "ನೀ ಪೊಲೀಸ್ ಆಗ್ಬೇಕಿತ್ತು ನೋಡಪಾ" ಎಂದರು. ಆ ಮಾತನ್ನು ವರ್ಷವಿಡೀ ಚಪ್ಪರಿಸಿದೆ.

ಮರುವರ್ಷದ ಪೂಜೆಗೆ ಒರೆಸೋಣವೆಂದು ದೇವರ ಫೋಟೋ ಇಳಿಸಿದೆ. ಹಿಂದೆ, ಹಲಗೆಯ ಮೇಲೆ, ಒಣಗಿದ ಚೆಂಡುಹೂವಿನ ನಡುವೆ ಅದು ಇತ್ತು. ಆಗ ನೆನಪಾಯಿತು — ನಾಜೂಕು ವಸ್ತು, ಹಬ್ಬದ ಗದ್ದಲದಲ್ಲಿ ಬಿದ್ದೀತೆಂದು ನಾನೇ ಅಲ್ಲಿ ಇಟ್ಟಿದ್ದೆ. ನನ್ನ ಬೆರಳಿನ ಕುಂಕುಮ ಹಾಗೇ ಇತ್ತು. ಬುದ್ಧಿ ಓಡಿಸಿದಾಗ ನೀನು ಕಳ್ಳನಾದೆ. ನಿಜ ಬರೀ ನಸೀಬಿನಿಂದ ಕೈಗೆ ಸಿಕ್ಕಿತು.

ಅವತ್ತೇ ಹೇಳಬಹುದಿತ್ತು. ಅಂಗಿಯೊಳಗೆ ಬಚ್ಚಿಟ್ಟು ಮನೆಗೆ ತಂದೆ. ಕಳ್ಳತನ ನಡೆದದ್ದು ಆ ದಿನ.

ಕಳ್ಳ ಎಂಬ ಹೆಸರು ಹೊತ್ತವನಿಗೆ ಬೇರೆ ಯಾರೂ ಮಷಿನ್ ಕೊಡಲಿಲ್ಲ. ಈಗ ಆವರಗೆರೆಯಲ್ಲಿ ಗೋದಾಮಿನ ಗೇಟು ಕಾಯುತ್ತೀಯಂತೆ. ನನ್ನದಕ್ಕಿಂತ ಒಳ್ಳೆಯ ಕೈ ನಿನ್ನದು — ಇದನ್ನೂ ಎಂದೂ ಒಪ್ಪಿರಲಿಲ್ಲ.

ಸಾಕಾಗಿದೆ. ನಾಳೆ ಊಟದ ಹೊತ್ತಿಗೆ, ಎಲ್ಲರೂ ಕೂತಿರುವಾಗ, ಆ ಮೈಕ್ರೋಮೀಟರನ್ನು ಸಾಹುಕಾರರ ಮುಂದೆ ಇಡುತ್ತೇನೆ. ಕುಂಕುಮ ಒರೆಸಿಲ್ಲ. ಆಮೇಲೆ ಆವರಗೆರೆಗೆ ಬರುತ್ತೇನೆ. ನೀನು ಗೇಟು ತೆಗೆಯಲೇಬೇಕೆಂದಿಲ್ಲ. ಹೊರಗೆ ನಿಂತೇ ಹೇಳುತ್ತೇನೆ.