ಖಾಲಿ ಕೈಯಲ್ಲಿ ನಡೆಸಿದವಳು

ನಮ್ಮ ಅತ್ತೆಯ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಯಂತ್ರ ಅದನ್ನು ತಿಂದುಹಾಕಿತ್ತು. ಆ ಬೋಳು ಬೆರಳಿನಿಂದಲೇ ಶೇಂಗಾ ಒತ್ತಿ, ಕಾಯಿ ಹಸಿಯೋ ಒಣಗಿದೆಯೋ ಹೇಳಿಬಿಡುತ್ತಿದ್ದಳು. ಮಿಲ್ಲಿನ ಗದ್ದಲದಲ್ಲಿ ಮಾತಾಡಿ ಅಭ್ಯಾಸವಾದವಳು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಅಪ್ಪನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ ನಮ್ಮ ಎದುರು ಮನೆಗೇ ಬಂದು ನೆಲೆಸಿದ್ದಳು.

ನಮ್ಮ ಹಟ್ಟಿ ಇರುವುದು ದನ ಮೇಯುವ ಕಾವಲಿನ ಅಂಚಿನಲ್ಲಿ. ಊರು ಸ್ವಲ್ಪ ಆಚೆ. ಪಂಚಾಯ್ತಿ ಚುನಾವಣೆ ಬಂದಾಗಲೆಲ್ಲ ಊರ ಯಜಮಾನರು ಗುಡಿಯ ಮುಂದೆ ಕೂತು, ಮೆಂಬರು ಯಾರೆಂದು ತಾವೇ ತೀರ್ಮಾನಿಸುತ್ತಿದ್ದರು. ಬೇರೆ ಯಾರೂ ನಿಲ್ಲುವುದಿಲ್ಲವೆಂದು ಹಟ್ಟಿಯ ಗಂಡಸರು ದೇವರ ಭಂಡಾರ ಮುಟ್ಟಿ ಆಣೆ ಮಾಡಬೇಕು. ಅಲ್ಲಿಗೆ ಓಟು ಮುಗಿಯಿತು, ಅವಿರೋಧ ಆಯ್ಕೆ. ಅತ್ತೆಗೆ ಐವತ್ತು ದಾಟಿದ್ದರೂ ಪಂಚಾಯ್ತಿಗೆ ಒಮ್ಮೆಯೂ ಓಟು ಹಾಕಿರಲಿಲ್ಲ.

"ಆಣೆ ಮಾಡಿದ್ದು ಗಂಡಸ್ರು. ನನ್ನ ಯಾರು ಕೇಳಿದ್ರು?" ಎಂದು ಆ ವರ್ಷ ತಾನೇ ನಾಮಪತ್ರ ಹಿಡಿದು ಹೊರಟಳು. ಪಂಚಾಯ್ತಿ ಬಾಗಿಲಲ್ಲೇ ಯಜಮಾನರ ಕಡೆಯವರು ಅದನ್ನು ಕಿತ್ತು ಹರಿದರು. ಜುಟ್ಟು ಹಿಡಿದು ಅವಳನ್ನು ಮೆಟ್ಟಿಲಿಂದ ಕೆಳಕ್ಕೆಳೆದರು.

ಮರುದಿನ ನಾಮಪತ್ರಕ್ಕೆ ಕೊನೆಯ ದಿನ. ಹಟ್ಟಿಗೆ ಹಟ್ಟಿಯೇ ಚಳ್ಳಕೆರೆಯ ತಾಲ್ಲೂಕು ಕಚೇರಿಗೆ ನಡೆದು ಹೊರಟಿತು. ನಮ್ಮ ಕಡೆ ಗಂಡಸರ ಕೈಯಲ್ಲಿ ಕೋಲು ಇದ್ದೇ ಇರುತ್ತದೆ. ಕೋಲಿಲ್ಲದೆ ಬಂದವನನ್ನು ಅಂಗಿ ಮರೆತು ಬಂದೆಯಾ ಎಂದು ಛೇಡಿಸುತ್ತಾರೆ. ಅತ್ತೆ ದಾರಿಗೆ ಅಡ್ಡ ನಿಂತಳು.

"ಕೋಲು ಇಲ್ಲೇ ಬಿಡ್ರಿ. ಒಂದು ಕೋಲು ಮ್ಯಾಲೆದ್ರೂ ನಮ್ಮ ಮ್ಯಾಲೇ ಕೇಸು ಹಾಕ್ತಾರೆ."

"ಅವ್ರು ಹೊಡೆದ್ರೆ ಏನ್ಮಾಡಾನಕ್ಕಾ?" ಎಂದ ಅಪ್ಪ.

"ಹೊಡಿಸ್ಕಳ್ಳಾನ."

ಗೊಣಗುತ್ತಲೇ ಎಲ್ಲರೂ ಅವಳ ಜಗಲಿಗೆ ಕೋಲು ಒರಗಿಸಿದರು.

ಹುಣಸೆಮರಗಳ ತಿರುವಿನಲ್ಲಿ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಅದರ ಹಿಂದಿನಿಂದ ಗುದ್ದಲಿ ಕಾವು, ಸೈಕಲ್ ಚೈನು ಹಿಡಿದವರು ನುಗ್ಗಿದರು. ನನಗಾಗ ಹತ್ತೊಂಬತ್ತು. ಮೂಳೆ ಮುರಿಯುವ ಸದ್ದನ್ನು ಅವತ್ತೇ ಮೊದಲು ಕೇಳಿದ್ದು. ಬಿದ್ದವರನ್ನೂ ಬಿಡಲಿಲ್ಲ, ಓಡಿದವರನ್ನು ಹೊಲಕ್ಕೆ ಅಟ್ಟಿಕೊಂಡು ಹೋಗಿ ಬಡಿದರು. ಅತ್ತೆಯ ನೆತ್ತಿ ಒಡೆದು ಸೀರೆ ತೊಯ್ದು ಹೋಗಿತ್ತು. ಆದರೂ "ಕೈ ಎತ್ತಬ್ಯಾಡ್ರಲೇ" ಎಂದು ಕೂಗುತ್ತಲೇ ಇದ್ದಳು. ಎರಡನೆಯ ಏಟು ಬೀಳುವ ಮೊದಲು ಅಪ್ಪ ಅವಳ ಮೇಲೆ ಅಡ್ಡ ಬಿದ್ದ. ಚೈನು ಅವನ ಮುಖಕ್ಕೆ ಬಡಿಯಿತು. ಮುಖ ಮುಚ್ಚಿಕೊಂಡ ಅವನ ಬೆರಳ ಸಂದಿಯಿಂದ ಇಳಿದದ್ದು ಬರೀ ರಕ್ತವಾಗಿರಲಿಲ್ಲ.

ಎಡಗಣ್ಣು ಹೋಯಿತೆಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ನಾನು ವರಾಂಡಕ್ಕೆ ಬಂದು ಅತ್ತೆಯ ಮುಂದೆ ನಿಂತೆ. "ಕೋಲಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ. ನಮ್ಮಪ್ಪನ ಕಣ್ಣು ಕಿತ್ತೋಳು ನೀನೇ."

ಅತ್ತೆ ಗೋಡೆ ಹಿಡಿದು ಎದ್ದಳು. ತಲೆಗೆ ಹೊಲಿಗೆ ಹಾಕಿಸಿಕೊಂಡು, ನಡೆಯಬಲ್ಲವರನ್ನು ಕರೆದುಕೊಂಡು ಹೋಗಿ, ರಕ್ತದ ಸೀರೆಯಲ್ಲೇ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಹೊತ್ತು ಮೀರುವ ಮುಂಚೆ ತಹಶೀಲ್ದಾರರು ಚುನಾವಣಾಧಿಕಾರಿಯನ್ನು ಅಲ್ಲಿಗೇ ಕರೆಸಿ ಅವಳ ಹೊಸ ನಾಮಪತ್ರ ತೆಗೆದುಕೊಂಡರು. ಪೊಲೀಸರ ಕಾವಲಿನಲ್ಲಿ ಓಟು ನಡೆಯಿತು. ಅತ್ತೆ ಸೋತಳು. ಆದರೆ ಆಮೇಲೆ ನಮ್ಮಲ್ಲಿ ಆಣೆ ಮಾಡಿಸಲು ಯಾರೂ ಬಂದಿಲ್ಲ. ಪ್ರತಿ ಸಲವೂ ಓಟು ಹಾಕುತ್ತಿದ್ದೇವೆ.

ಹೋದ ವರ್ಷ ಅತ್ತೆ ತೀರಿಕೊಂಡಳು. ಮಣ್ಣು ಮಾಡಿ ಬಂದು ಕೂತಿದ್ದ ಅಪ್ಪನಿಗೆ, ಅವತ್ತು ವರಾಂಡದಲ್ಲಿ ನಾನು ಅಂದಿದ್ದನ್ನು ಹೇಳಿದೆ. ಅವನು ಬೆಚ್ಚಿದ.

"ಅಕ್ಕನಿಗೆ ಹಂಗಂದ್ಯಾ? ಅವಳ ನೆತ್ತಿ ಒಡೆದಾಗ ನನ್ನ ಕೈಯಾಗೆ ಕೋಲಿದ್ದಿದ್ರೆ ಒಬ್ಬನ್ನ ಅಲ್ಲೇ ಸಾಯಿಸಿರ್ತಿದ್ದೆ ಕಣವ್ವ. ಜೈಲಿಗೆ ಬಂದು ನನ್ನ ಮಕ ನೋಡ್ತಿದ್ದೆ ನೀನು."

ನನ್ನ ಮಾತನ್ನು ಅತ್ತೆ ತಮ್ಮನಿಗೂ ಹೇಳಿರಲಿಲ್ಲ. ಅಷ್ಟು ವರ್ಷವೂ ದಿನಾ ಎದುರು ಬಾಗಿಲಲ್ಲಿ ನಿಂತು "ಉಂಡ್ಯೇನವ್ವಾ?" ಎಂದು ಕೇಳುತ್ತಿದ್ದಳು. ನಾನು ಒಂದು ದಿನವೂ ಉತ್ತರ ಕೊಡಲಿಲ್ಲ.